ದೇವದಾರು ಬೀಜ ಮೊಳೀವಲ್ಲವು ಅಂದವರಿಗೆ

ಮನಾಲಿಯಿಂದ ತಂದ ದೇವದಾರು ಬೀಜ ಧಾರವಾಡದ ಕುಂಡ್ಯಾಗ ಮೊಳೀವಲ್ಲವು, ಮೊಳತ್ರ ಹೊಲದ ಬದುವಿಗೆ ಹಚ್ಚಬಹುದೇನು ಅಂತ ಕೇಳೀರಿ. ಮೊಳೀವಲ್ಲವು ಅಂದ್ರ, ಬಹುಶಃ ಅವಕ್ಕ ಥಂಡಿ ಸಿಕ್ಕಿಲ್ಲ. ಅಲ್ಲಿ ಹಿಮದಡಿ ಚಳಿಗಾಲ ಕಳದು ಆಮ್ಯಾಲ ಮೊಳೀತಾವ. ಇಲ್ಲಾ ಬೀಜನ ಸತ್ತಿರಬೇಕು. ಎಣ್ಣಿ ಬೀಜ, ಬೆಚ್ಚಗ ಇಟ್ರ ಲಗೂ ಕೆಡ್ತಾವ. ಯಾವುದು ಅಂತ ನೋಡದ ಹೇಳಾಕ ಬರೂದಿಲ್ಲ.

ಮೊದಲು ಒಂದೆರಡು ಬೀಜ ಬ್ಲೇಡಿನಿಂದ ಸೀಳ್ರಿ. ಒಳಗ ಬಿಳಿ ತಿರುಳು ತುಂಬಿದ್ರ ಜೀವ ಇರಬಹುದು. ಟೊಳ್ಳು, ಇಲ್ಲಾ ಕಂದಾಗಿ ಕಮಟು ಹೊಡದ್ರ ಅಷ್ಟೂ ಒಗೀರಿ. ಛಲೋ ಇದ್ರ ಉಳಿದವನ್ನ ಒಂದು ರಾತ್ರಿ ನೆನಸಿ, ಹಸಿ ಉಸುಕಿನ ಜೋಡಿ ಪ್ಲಾಸ್ಟಿಕ್ ಚೀಲಕ್ಕ ಹಾಕಿ ಫ್ರಿಜ್ಜಿನ್ಯಾಗ 3-4 ವಾರ ಇಡ್ರಿ. ಫ್ರೀಜರ್‌ನ್ಯಾಗ ಮಾತ್ರ ಬ್ಯಾಡ. ವಾರಕ್ಕೊಮ್ಮೆ ಬೂಷ್ಟು ಬಂದೈತೇನು ನೋಡ್ರಿ. ಆಮ್ಯಾಲ ಕೆಂಪು ಮಣ್ಣು, ಉಸುಕು ಕೂಡಿಸಿ ಬಿತ್ರಿ. ಎರಿ ಮಣ್ಣು ನೀರು ಹಿಡಕೊಂಡು ಬೇರು ಕೊಳಸ್ತೈತಿ. ನವೆಂಬರ್‌ನ್ಯಾಗ ಬಿತ್ತಿದ್ರ ಸಸಿಗೆ ಒಂದಿಷ್ಟು ತಂಪರ ಸಿಗ್ತೈತಿ.

ಮೊಳತ್ರೂ ದೊಡ್ಡ ಗಿಡ ಆಗೂದು ಅನುಮಾನ. ಅದು ಹಿಮಾಲಯದಾಗ ಸುಮಾರು 1,500ರಿಂದ 3,200 ಮೀಟರ್ ಎತ್ತರದಾಗ ಬೆಳಿಯೂವಂಥಾದ್ದು. ಧಾರವಾಡ 750ರ ಆಸುಪಾಸು, ಮ್ಯಾಲ ಏಪ್ರಿಲ್ ಬಿಸಲು ಬ್ಯಾರೆ. ಕುಂಡ್ಯಾಗ, ಮಧ್ಯಾಹ್ನ ನೆರಳು ಬೀಳೂ ಕಡೆ ಇಟ್ಟು ನೋಡ್ರಿ. ನೀವು ಕೇಳಿದಂಗ ಹೊಲದ ಬದುವಿಗೆ ಹಚ್ಚೂದಾದ್ರ ದೇವದಾರು ಬಿಟ್ಟು ಮತ್ತಿ, ಹೊನ್ನಿ, ಬೇವು ಹಚ್ರಿ. ಮಳಿಗಾಲಕ್ಕ ಮುಂಚೆ ಅರಣ್ಯ ಇಲಾಖೆ ನರ್ಸರಿಯಾಗ ಕೇಳ್ರಿ.