ಹರಾಜಿಗೆ ಕೊಡುವ ಮುಂಚೆ ಹಳೇ ತೈಲಚಿತ್ರವನ್ನು ಒರೆಸಿ, ಹೊಸ ಫ್ರೇಮ್ ಹಾಕಿಸಬೇಕಾ?

ಒರೆಸಬೇಡಿ. ಫ್ರೇಮನ್ನೂ ಬಿಚ್ಚಿಸಬೇಡಿ.

ಕೊಡಗಿನ ಸಿದ್ದಾಪುರದ ಕಡೆಯ ತೋಟದ ಬಂಗಲೆಯಿಂದ ನಿಮ್ಮ ತಾತನಿಗೆ ಬಂದ ಹೂದಾನಿಯ ಚಿತ್ರ, ಈಗ ಬೂಸ್ಟು ಹಿಡಿದಿದೆ, ಚೆಂದ ಕಾಣುವ ಹಾಗೆ ಮಾಡಿಸಿ ಹರಾಜಿಗೆ ಹಾಕೋಣ ಎಂದಿದ್ದೀರಿ. ಇದೇ ಕೆಲಸ ಮಾಡಿ ನಾವು ಕಳೆದುಕೊಂಡಿದ್ದೇವೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ ಆಗಿದ್ದರು. ಯಜಮಾನ ದೊರೆ ತೋಟ ಮಾರಿ ಹೊರಟಾಗ ಊಟದ ಕೋಣೆಯಲ್ಲಿದ್ದ ಚಿತ್ರವನ್ನು ಅಪ್ಪನ ಕೈಗೆ ಕೊಟ್ಟು ಹೋದರಂತೆ. ತಾಮ್ರದ ಚೊಂಬಿನಲ್ಲಿ ಡೇರೆ ಹೂ, ಬಿಳಿಯವು ನಾಲ್ಕು, ಕಡುಗೆಂಪು ಮೂರು. ಮೇಜಿನ ಮೇಲೆ ಉದುರಿದ ಒಂದೇ ಒಂದು ಎಸಳು. ಆ ಎಸಳಿನ ಅಂಚು ಒಣಗಿ ಸುರುಟಿಕೊಂಡದ್ದನ್ನೂ ಬರೆದವರು ಬಿಟ್ಟಿರಲಿಲ್ಲ. ಐವತ್ತು ಮಳೆಗಾಲ ಅದು ನಮ್ಮ ಜಗಲಿಯ ಗೋಡೆಯಲ್ಲಿತ್ತು.

ಅಪ್ಪ ಹೋದ ಮೇಲೆ ಮಾರೋಣ ಅಂತಾಯಿತು. ನಾನೇ ಅದನ್ನು ಪೇಟೆಯ ಫ್ರೇಮ್ ಅಂಗಡಿಗೆ ಕೊಟ್ಟೆ. ಅವರು ಕ್ಯಾನ್ವಾಸ್ ಬಿಗಿದಿದ್ದ ಒಳಗಿನ ಮರದ ಪಟ್ಟಿಗಳನ್ನು ಹುಳ ತಿಂದಿದೆ ಎಂದು ಎಸೆದರು, ಕ್ಯಾನ್ವಾಸನ್ನು ಪ್ಲೈವುಡ್ಡಿಗೆ ಅಂಟಿಸಿದರು, ಒದ್ದೆ ಬಟ್ಟೆಯಲ್ಲಿ ಉಜ್ಜಿ ಮೇಲೆ ವಾರ್ನಿಶ್ ಬಳಿದರು. ಥಳಥಳ ಹೊಳೆಯುವುದನ್ನು ನೋಡಿ ಮನೆಯವರೆಲ್ಲ ಖುಷಿಪಟ್ಟೆವು. ಆದರೆ ಹರಾಜು ಸಂಸ್ಥೆಯಿಂದ ಮಾತಾಡಿದ ಹುಡುಗಿ ಮೊದಲು ಕೇಳಿದ್ದು, "ಹಿಂಭಾಗದ ಫೋಟೋ ಇದೆಯಾ ಸರ್?" ತೋರಿಸಲು ಪ್ಲೈವುಡ್ ಬಿಟ್ಟರೆ ಏನಿತ್ತು? ಅಲ್ಲೊಂದು ಹಳದಿ ಚೀಟಿ ಅಂಟಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅದರಲ್ಲಿ ಏನು ಬರೆದಿತ್ತು ಎಂದು ಒಂದು ದಿನವೂ ಓದಿರಲಿಲ್ಲ.

ಚಿತ್ರದ ಜಾತಕ ಇರುವುದೇ ಬೆನ್ನಲ್ಲಿ. ಲಂಡನ್ನಿನ ವಿನ್ಸರ್ ಅಂಡ್ ನ್ಯೂಟನ್ (1832ರಲ್ಲಿ ಶುರುವಾದದ್ದು), ರೀವ್ಸ್, ರೌನಿ ಮೊದಲಾದ ಬಣ್ಣದ ಕಂಪನಿಗಳು ತಾವು ಮಾರುವ ಕ್ಯಾನ್ವಾಸಿನ ಹಿಂದೆ ಮುದ್ರೆ ಒತ್ತುತ್ತಿದ್ದವು. ಅಂಗಡಿಯ ವಿಳಾಸ ಬದಲಾದಂತೆ ಮುದ್ರೆಯೂ ಬದಲಾಗುತ್ತಿತ್ತು, ಹಾಗಾಗಿ ಅದೊಂದರಿಂದಲೇ ಚಿತ್ರದ ವಯಸ್ಸು ಅಂದಾಜಿಗೆ ಸಿಗುತ್ತದೆ. ಫ್ರೇಮ್ ಮಾಡಿದವರ ಚೀಟಿ, ಹಿಂದೆ ಎಲ್ಲಾದರೂ ಹರಾಜಾಗಿದ್ದರೆ ಅದರ ನಂಬರು, ತುಕ್ಕು ಹಿಡಿದ ಮೊಳೆ, ಮೂಲೆಗೆ ಹೊಡೆದ ಮರದ ಬೆಣೆ, ಎಲ್ಲವೂ ಸಾಕ್ಷಿ. ಒಂದು ಜೇಡರ ಬಲೆಯನ್ನೂ ತೆಗೆಯದೆ ಫೋಟೋ ಹೊಡೆಯಿರಿ.

ಅದಕ್ಕೂ ಮುಂಚೆ ಭೂತಗನ್ನಡಿ ಹಿಡಿದು ಒಂದು ಎಸಳನ್ನು ನೋಡಿ. ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಅದು ಓಲಿಯೋಗ್ರಾಫ್, ಅಂದರೆ ತೈಲಚಿತ್ರದ ಹಾಗೆ ಕಾಣುವಂತೆ ಅಚ್ಚು ಹಾಕಿದ ಪಟ ಇರಬಹುದು. ರವಿವರ್ಮ 1894ರಲ್ಲಿ ಪ್ರೆಸ್ ಹಾಕಿ ಮನೆಮನೆಗೆ ಮುಟ್ಟಿಸಿದ ದೇವರ ಪಟಗಳೂ ಅದೇ ಜಾತಿಯವು. ಕುಂಚದ ಗೆರೆ ದಿಣ್ಣೆಯಾಗಿ ಎದ್ದಿದ್ದು ಚುಕ್ಕೆ ಇಲ್ಲದಿದ್ದರೆ ಹೆಚ್ಚಾಗಿ ಕೈಯಲ್ಲಿ ಬರೆದದ್ದು.

ಒರೆಸಬಾರದು ಯಾಕೆ? ಕ್ಯಾನ್ವಾಸಿಗೆ ಬಣ್ಣ ಹಚ್ಚುವ ಮೊದಲು ಪ್ರಾಣಿಜನ್ಯ ಅಂಟು ಬಳಿದಿರುತ್ತಾರೆ. ನಮ್ಮ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅದು ತೇವ ಕುಡಿದು ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಬಿಗಿಯುತ್ತದೆ. ಬೂಸ್ಟಿಗೂ ಅದೇ ಆಹಾರ. ಬಟ್ಟೆ ಹೀಗೆ ಎಳೆದಾಡುತ್ತಿದ್ದರೆ ಒಣಗಿ ಗಟ್ಟಿಯಾದ ಎಣ್ಣೆ ಬಣ್ಣ ಬಿರುಕು ಬಿಡುತ್ತದೆ. ಆ ಬಿರುಕಿನ ಮೇಲೆ ಒದ್ದೆ ಬಟ್ಟೆ ಎಳೆದರೆ ನೀರು ಒಳಗಿಳಿದು ಬಣ್ಣ ಚಕ್ಕೆಯಾಗಿ ಏಳುತ್ತದೆ. ಇನ್ನು, ಕೊಳೆ ಎಂದು ಕಾಣುವ ಹಳದಿ ಅನೇಕ ಸಲ ಮುಪ್ಪಾದ ವಾರ್ನಿಶ್ ಅಷ್ಟೆ, ನೀರಿಗೆ ಜಗ್ಗುವುದಿಲ್ಲ. ಹೂವಿನ ಕೆಂಪನ್ನು ಹಲವರು ಕೊನೆಗೆ ತೆಳ್ಳಗೆ, ಗಾಜಿನ ಪದರದ ಹಾಗೆ ಹಚ್ಚಿರುತ್ತಾರೆ. ಉಜ್ಜಿದರೆ ಮೊದಲು ಹೋಗುವುದು ಅದೇ. ನಮ್ಮ ಮೂರು ಕೆಂಪು ಡೇರೆಗಳಲ್ಲಿ ಒಂದು ಈಗ ಇಟ್ಟಿಗೆ ಬಣ್ಣಕ್ಕಿದೆ.

ಬಣ್ಣ ಕೆಟ್ಟಂತೆ ಕಂಡರೂ ಅದು ಚಿತ್ರದ ಚರಿತ್ರೆಯೇ ಇರಬಹುದು. ಹಳೇ ಡಚ್ ಹೂವಿನ ಚಿತ್ರಗಳಲ್ಲಿ ಎಷ್ಟೋ ಎಲೆಗಳು ಇವತ್ತು ನೀಲಿಯಾಗಿವೆ. ಸಸ್ಯದಿಂದ ತೆಗೆದ ಹಳದಿಯನ್ನು ನೀಲಿಗೆ ಸೇರಿಸಿ ಹಸಿರು ಮಾಡಿದ್ದರು, ಬೆಳಕಿಗೆ ಹಳದಿ ಮಾಸಿ ನೀಲಿ ಉಳಿಯಿತು. ಬಲ್ಲವರು ಅದನ್ನು ದೋಷ ಅನ್ನುವುದಿಲ್ಲ. ಸರಿಪಡಿಸಲೇಬೇಕಾದರೆ ಮೈಸೂರು, ಬೆಂಗಳೂರಿನಲ್ಲಿ ಚಿತ್ರ ಸಂರಕ್ಷಣೆಯನ್ನೇ ಕಲಿತವರಿದ್ದಾರೆ. ಆದರೆ ಮೊದಲು ಹರಾಜಿನವರು ನೋಡಲಿ.

ದುಡ್ಡಿನ ಲೆಕ್ಕ ಹೀಗೆ. ಕ್ಯಾಟಲಾಗಿನಲ್ಲಿ ಅಂದಾಜು ಬೆಲೆ ಹಾಕುತ್ತಾರೆ. ಇದಕ್ಕಿಂತ ಕೆಳಗೆ ಕೊಡೆವು ಎಂಬ ಕನಿಷ್ಠ ಬೆಲೆಯನ್ನು ನೀವೂ ಅವರೂ ಗುಟ್ಟಾಗಿ ನಿಗದಿ ಮಾಡುತ್ತೀರಿ. ಸುತ್ತಿಗೆ ಬಿದ್ದ ಮೊತ್ತದ, ಅಂದರೆ ಕೊನೆಯ ಸವಾಲಿನ ಮೇಲೆ ಕೊಳ್ಳುವವನು ಹರಾಜಿನವರಿಗೆ ಸೇರುವ ಪ್ರೀಮಿಯಂ ಕಟ್ಟುತ್ತಾನೆ, ನಿಮ್ಮ ಪಾಲಿನಿಂದ ಕಮಿಷನ್ ಕಳೆಯುತ್ತದೆ. 1987ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ವ್ಯಾನ್ ಗೋನ ಸೂರ್ಯಕಾಂತಿಗೆ ಸುತ್ತಿಗೆ ಬಿದ್ದದ್ದು 2.25 ಕೋಟಿ ಪೌಂಡಿಗೆ. ಕೊಂಡವರು ಕಟ್ಟಿದ್ದು 2.475 ಕೋಟಿ. ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಎರಡನೇ ಅಂಕಿ, ಅದನ್ನು ನೋಡಿ ಲೆಕ್ಕ ಹಾಕಬೇಡಿ. ಕ್ಯಾಟಲಾಗಿನ ಮಾತನ್ನೂ ಗಮನಿಸಿ: ಕಲಾವಿದನ ಹೆಸರಿಗೂ, "ಆತನದೆಂದು ಹೇಳಲಾದ", "ಆತನ ಶೈಲಿಯ" ಎಂಬುದಕ್ಕೂ ಬೆಲೆಯಲ್ಲಿ ಅಜಗಜಾಂತರ.

ಚಿತ್ರಕ್ಕೆ 100 ವರ್ಷ ದಾಟಿದ್ದರೆ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ಅದು ಪುರಾತನ ವಸ್ತು. ಪುರಾತತ್ವ ಇಲಾಖೆಯಲ್ಲಿ ನೋಂದಣಿಯ ವಿಚಾರ ಬರುತ್ತದೆ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನಲ್ಲಿ ಮಾರಿಸಿಕೊಡುತ್ತೇನೆ ಎಂದು ಯಾರಾದರೂ ಬಂದರೆ ಕೈಗೆ ಕೊಡಬೇಡಿ.

ನಮ್ಮ ಡೇರೆಗೆ ಕನಿಷ್ಠ ಬೆಲೆಯನ್ನು ನಾನು ಹಟ ಹಿಡಿದು ಮೇಲಿಟ್ಟಿದ್ದೆ. ಸವಾಲು ಅಲ್ಲಿಯ ತನಕ ಏರಲೇ ಇಲ್ಲ. ಚಿತ್ರ ಮನೆಗೆ ವಾಪಸು ಬಂತು. ಒಮ್ಮೆ ಮಾರಾಟವಾಗದೆ ಉಳಿದದ್ದನ್ನು ತಕ್ಷಣ ಮತ್ತೆ ಹರಾಜಿಗಿಟ್ಟರೆ ಕೊಳ್ಳುವವರು ಹಿಂದೆಗೆಯುತ್ತಾರೆ, ನೀವು ಇದನ್ನೂ ಯೋಚಿಸಿ. ಈಗ ಅದು ತೇವ ಬರದ ಒಳಗೋಡೆಯಲ್ಲಿದೆ. ಉದುರಿದ ಆ ಎಸಳಿಗೆ ಮಾತ್ರ ಏನೂ ಆಗಿಲ್ಲ.

ನಿಮ್ಮದನ್ನು ಇವತ್ತೇ ಹೊರಗೋಡೆಯಿಂದ ಇಳಿಸಿ, ಒಳಗೆ ಒಣ ಜಾಗದಲ್ಲಿ ನಿಲ್ಲಿಸಿಡಿ. ಇಳಿಸುವಾಗ ಹಿಂದೆ ತಿರುಗಿಸಿ ನೋಡಿ. ಚೀಟಿ ಇದ್ದರೆ ಏನು ಬರೆದಿದೆ ಎಂದು ದಯವಿಟ್ಟು ಇಲ್ಲಿ ಹಾಕಿ, ನನಗೆ ಓದಬೇಕು.