ಮೊದಲಿನ ಸರಾಸರಿ ಕೊಡದೆ ಹೊಸಬರ ತೂಕ ಕೇಳಿದರೆ ಲೆಕ್ಕ ಮಾಡುವುದು ಹೇಗೆ?

ನೀವು ಹಾಕಿದ ಲೆಕ್ಕ ಇದು: 12 ಜನರ ಗುಂಪಿನಿಂದ 58 ಕೆಜಿಯವರೊಬ್ಬರು ಹೋಗಿ, ಅವರ ಜಾಗಕ್ಕೆ ಹೊಸಬರೊಬ್ಬರು ಬಂದರು. ಸರಾಸರಿ ತೂಕ 1.5 ಕೆಜಿ ಜಾಸ್ತಿಯಾಯಿತು. ಹೊಸಬರ ತೂಕ ಎಷ್ಟು? ಮೊದಲಿನ ಸರಾಸರಿಯನ್ನೇ ಕೊಟ್ಟಿಲ್ಲ, ಪ್ರಶ್ನೆಯೇ ತಪ್ಪಿರಬೇಕು ಅಲ್ವಾ ಅಂತ ಕೇಳಿದ್ದೀರಿ.

ಪ್ರಶ್ನೆ ಸರಿಯಾಗಿಯೇ ಇದೆ. ಎಫ್‌ಡಿಎ, ಎಸ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ನಾನು ಲೆಕ್ಕ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಸರಾಸರಿ ಅಂದ ಕೂಡಲೇ ಕೈ ತಾನಾಗಿ ಎಕ್ಸ್ ಅಂತ ಬರೆದುಬಿಡುತ್ತದೆ. ನಾಲ್ಕು ಸಾಲು ಆದಮೇಲೆ ಎರಡೂ ಕಡೆಯ 12ಎಕ್ಸ್ ಹೊಡೆದುಹೋಗುತ್ತದೆ. ಹೇಗೂ ಹೊಡೆದುಹೋಗುವುದನ್ನು ಸುಮ್ನೆ ಯಾಕೆ ಬರೆಯಬೇಕು?

ಸರಾಸರಿ ಬಿಡಿ, ಒಟ್ಟು ತೂಕ ನೋಡಿ. ಉಳಿದ 11 ಜನ ಎಲ್ಲೂ ಹೋಗಿಲ್ಲ. ಅವರ ತೂಕ ಏನೇ ಇರಲಿ, ಮೊದಲೂ ಅಷ್ಟೇ, ಈಗಲೂ ಅಷ್ಟೇ. ತಲಾ 1.5 ಕೆಜಿ ಏರಿದೆ ಅಂದರೆ 12 ಜನರ ಒಟ್ಟು ತೂಕ 18 ಕೆಜಿ ಏರಿದೆ. ಆ 18 ಕೆಜಿ ಹೊಸಬರಿಂದಲೇ ಬರಬೇಕು, ಬೇರೆ ದಾರಿಯಿಲ್ಲ. ಹಾಗಾಗಿ 58 + 18 = 76 ಕೆಜಿ.

ನಂಬಿಕೆ ಬರದಿದ್ದರೆ ನಿಮಗೆ ಬೇಕಾದ ಸರಾಸರಿ ಇಟ್ಟು ನೋಡಿ. 60 ಅಂತ ಇಟ್ಟರೆ ಒಟ್ಟು 720. ಅದರಲ್ಲಿ 58 ತೆಗೆದು 76 ಸೇರಿಸಿದರೆ 738, ಸರಾಸರಿ 61.5. 50 ಅಂತ ಇಟ್ಟರೆ 600 ಹೋಗಿ 618 ಆಗುತ್ತದೆ, ಸರಾಸರಿ 51.5. ಎರಡು ಕಡೆಯೂ ಏರಿದ್ದು ಅದೇ 1.5.

ಉಳಿದವರು 11 ಜನ ತಾನೇ ಅಂತ ಕೆಲವರು 11ರಿಂದ ಗುಣಿಸುತ್ತಾರೆ. 74.5 ಬರುತ್ತದೆ. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು, ಆಯ್ಕೆಗಳಲ್ಲಿ ಆ 74.5 ಕಾದು ಕೂತಿರುತ್ತದೆ. ಸರಾಸರಿ ಹಂಚುವಾಗ ಹೊಸಬರೂ ಲೆಕ್ಕಕ್ಕೆ ಇದ್ದಾರೆ, ಮರೆಯಬೇಡಿ.

ಇನ್ನೊಂದು ಗೊಂದಲ ಬೇಡ. ಯಾರೂ ಹೋಗದೆ, ಹೊಸಬರು ಬಂದು ಸೇರಿಕೊಂಡರೆ ಈ ದಾರಿ ನಡೆಯುವುದಿಲ್ಲ. 30 ಮಕ್ಕಳ ಸರಾಸರಿ ವಯಸ್ಸು 14, ಮೇಷ್ಟ್ರನ್ನೂ ಸೇರಿಸಿದರೆ 15. ಇಲ್ಲಿ ತಲೆಗಳ ಸಂಖ್ಯೆಯೇ ಬದಲಾಯಿತು, ಹಾಗಾಗಿ ಸರಾಸರಿ ಬೇಕೇ ಬೇಕು. 31 × 15 = 465, 30 × 14 = 420. ಮೇಷ್ಟ್ರಿಗೆ 45.

ನನ್ನ ಪ್ರಕಾರ ನಿಜವಾಗಿ ತಲೆ ತಿನ್ನುವುದು ವಯಸ್ಸಿನ ಲೆಕ್ಕ. ತೂಕ ಇದ್ದಲ್ಲೇ ಇರುತ್ತದೆ ಅಂದುಕೊಳ್ಳಬಹುದು, ವಯಸ್ಸು ನಿಲ್ಲುವುದಿಲ್ಲವಲ್ಲ! ಉದಾಹರಣೆಗೆ: 8 ಜನರ ಸಮಿತಿಯ ಸರಾಸರಿ ವಯಸ್ಸು 4 ವರ್ಷದ ಹಿಂದೆ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಕಾರಣ, ಒಬ್ಬ ಹಿರಿಯರ ಬದಲು ಒಬ್ಬ ಯುವಕ ಬಂದಿದ್ದಾನೆ. ಇಬ್ಬರ ವಯಸ್ಸಿನ ಅಂತರ ಎಷ್ಟು? ಸರಾಸರಿ ಬದಲಾಗಿಲ್ಲ, ಹಾಗಾದರೆ ಅಂತರ ಸೊನ್ನೆ ಅಂತ ಹೇಳಿಬಿಡುವವರಿದ್ದಾರೆ. ಸ್ವಲ್ಪ ತಾಳಿ. ಯಾರೂ ಬದಲಾಗದಿದ್ದರೆ ಎಂಟು ಜನಕ್ಕೂ ನಾಲ್ಕು ನಾಲ್ಕು ವರ್ಷ ಏರಬೇಕಿತ್ತು, ಒಟ್ಟು 32 ವರ್ಷ. ಅಷ್ಟೂ ಮಾಯವಾಗಿದೆ. ಅಂದರೆ ಬಂದವನು ಹೋದವರಿಗಿಂತ 32 ವರ್ಷ ಚಿಕ್ಕವನು. ಇಂಥ ಲೆಕ್ಕದಲ್ಲಿ ಮೊದಲು ‘ಯಾರೂ ಬದಲಾಗದಿದ್ದರೆ ಎಷ್ಟಾಗಬೇಕಿತ್ತು’ ಅಂತ ಬರೆದುಕೊಳ್ಳಿ, ಆಮೇಲೆ ಹೋಲಿಸಿ.

ತಿಂಗಳಲ್ಲಿ ಕೊಟ್ಟರೆ ತಿಂಗಳಲ್ಲೇ ಗುಣಿಸಿ. 11 ಜನರ ಕ್ರಿಕೆಟ್ ತಂಡದಲ್ಲಿ 24 ವರ್ಷದವನ ಬದಲು ಇನ್ನೊಬ್ಬ ಬಂದು ಸರಾಸರಿ 2 ತಿಂಗಳು ಇಳಿದರೆ, ಒಟ್ಟು ಇಳಿದಿದ್ದು 22 ತಿಂಗಳು. ಹೊಸಬನಿಗೆ 22 ವರ್ಷ 2 ತಿಂಗಳು. ಇದನ್ನು ದಶಮಾಂಶಕ್ಕೆ ತಿರುಗಿಸಲು ಹೋದರೆ ಸಮಯ ದಂಡ.

ಇಬ್ಬರು ಬದಲಾದರೂ ದಾರಿ ಅದೇ. 7 ಜನರ ಕಬಡ್ಡಿ ತಂಡದಲ್ಲಿ 82 ಮತ್ತು 78 ಕೆಜಿಯವರು ಹೊರಗೆ ಹೋಗಿ ಬೇರೆ ಇಬ್ಬರು ಬಂದರು, ಸರಾಸರಿ 2 ಕೆಜಿ ಇಳಿಯಿತು. ಹೋದವರದ್ದು 160, ಇಳಿದಿದ್ದು 14, ಬಂದವರದ್ದು ಒಟ್ಟು 146. ಅವರಿಬ್ಬರ ಸರಾಸರಿ 73. ಒಬ್ಬೊಬ್ಬರ ತೂಕ ಎಷ್ಟು ಅಂತ ಕೇಳಿದರೆ ಮಾತ್ರ ಇಷ್ಟರಿಂದ ಹೇಳಲಾಗದು. ಇಬ್ಬರ ನಡುವೆ ಎಷ್ಟು ವ್ಯತ್ಯಾಸ ಅಂತಲೋ ಇನ್ನೇನೋ ಒಂದು ಮಾಹಿತಿ ಕೊಟ್ಟೇ ಇರುತ್ತಾರೆ, ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

ಅಂಕ ತಪ್ಪಾಗಿ ಬರೆದ ಲೆಕ್ಕವೂ ಇದೇ ಜಾತಿಯದು. 47 ಬರೆಯುವ ಕಡೆ 74 ಅಂತ ಬರೆದಿದ್ದಾರೆ, ತರಗತಿಯ ಸರಾಸರಿ 0.6 ಏರಿದೆ, ಮಕ್ಕಳೆಷ್ಟು ಅಂತ ಕೇಳುತ್ತಾರೆ. 47 ಹೋಗಿ 74 ಬಂತು ಅಂದುಕೊಳ್ಳಿ. ಒಟ್ಟಿನಲ್ಲಿ 27 ಏರಿತು, ತಲಾ 0.6 ಏರಿತು. 27 ಭಾಗಿಸು 0.6, ಅಂದರೆ 45 ಮಕ್ಕಳು.