ಅಪ್ಪನಿಗೆ ಲಕ್ವ, ಹೊಲದಲ್ಲಿ ಬಿತ್ತನೆ: ಪಾಳಿ ಮೇಲೆ ನೋಡಿಕೊಂಡರೆ ಆಗುತ್ತಾ?

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ಆರಿದ್ರೆ ಮಳೆ ಹಿಡಿದಿದೆ, ಮನೆಯವರೆಲ್ಲ ಪಾಳಿ ಹಾಕಿಕೊಂಡು ನೋಡಿಕೊಳ್ಳೋದಾ ಇಲ್ಲ ಹೊಲ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಮೇಲೆ ಬೇರೆಯವರಿಗೆ, ಕೊಡೋದಾ ಅಂತ ಕೇಳಿದ್ದೀರಿ. ವಾರದ ಮಾತು ಆಮೇಲೆ. ಮೊದಲು ಆ ಪಾಳಿ ಬಿಡಿ. ನಮ್ಮ ಮನೆ ಕೆಟ್ಟಿದ್ದೇ ಅದರಿಂದ.

ನಮ್ಮದು ಮಧುಗಿರಿ ಕಡೆ. ಮಳೆ ನಂಬಿದ ಹೊಲ, ಒಂದಷ್ಟು ಕಡ್ಲೆಕಾಯಿ, ಉಳಿದದ್ದು ರಾಗಿ. ಅಪ್ಪನಿಗೆ ರೋಹಿಣಿ ಮಳೆ ಹೊತ್ತಿಗೆ ಎಡಗೈ ಎಡಗಾಲು ಬಿದ್ದುಹೋಯಿತು. ಮಾತು ಹೋಗಲಿಲ್ಲ. ಜಗಲಿ ಮೇಲೆ ಒರಗಿಕೊಂಡೇ ಬೀಜ ಸುಲಿಯೋರನ್ನೆಲ್ಲ ಬೈಯುತ್ತಿದ್ದರು.

ಬೆಳಿಗ್ಗೆ ಅಮ್ಮ, ಮಧ್ಯಾಹ್ನ ನನ್ನ ಹೆಂಡತಿ, ಸಂಜೆ ನಾನು ಅಂತ ಮಾತಾಡಿಕೊಂಡೆವು. ಮಳೆ ಬಿದ್ದ ಮಾರನೇ ದಿನವೇ ಅದೆಲ್ಲ ಮುರಿದುಬಿತ್ತು. ಕಡ್ಲೆಕಾಯಿಗೆ ಹದ ಎಷ್ಟು ದಿನ ಇರುತ್ತೆ ಅಂತ ನಿಮಗೆ ಹೇಳಬೇಕಾ? ಬಿಸಿಲು ಬಿದ್ದರೆ ಮುಗೀತು. ನೇಗಿಲ ಹಿಂದೆ ಬೀಜ ಬಿಡೋದರಲ್ಲಿ ಅಮ್ಮನಷ್ಟು ಪಳಗಿದವರು ನಮ್ಮ ಬೀದಿಯಲ್ಲೇ ಇಲ್ಲ. ಅಮ್ಮ ಹೊಲಕ್ಕೆ, ಬುತ್ತಿ ಹೊತ್ತುಕೊಂಡು ನನ್ನ ಹೆಂಡತಿ ಹೊಲಕ್ಕೆ, ನಾನಂತೂ ಅಲ್ಲೇ. ಅಪ್ಪನ ಹತ್ತಿರ ಕೂತವನು ಪಕ್ಕದ ಮನೆ ಹುಡುಗ, ಕೈಯಲ್ಲಿ ಮೊಬೈಲ್.

ಆಗ ಚಿಕ್ಕಪ್ಪ ಒಂದು ಉಪಾಯ ಮಾಡಿದರು. ಬೋರ್‌ವೆಲ್ ಬಂದ ಮೇಲೆ ಸೇದೋ ಬಾವಿ ರಾಟೆ ಅಟ್ಟದ ಮೇಲೆ ಬಿದ್ದಿತ್ತು. ಅದನ್ನು ಇಳಿಸಿ, ಎಣ್ಣೆ ಬಿಟ್ಟು, ಪಡಸಾಲೆ ತೊಲೆಗೆ ಕಟ್ಟಿದರು. ಹಗ್ಗದ ಒಂದು ತುದಿಗೆ ಅಪ್ಪನ ಎಡಗೈಯನ್ನು ಟವೆಲ್‌ನಲ್ಲಿ ಸುತ್ತಿ ಕಟ್ಟೋದು. ಇನ್ನೊಂದು ತುದಿ ಬಲಗೈಯಲ್ಲಿ. ಬಲಗೈ ಎಳೆದರೆ ಎಡಗೈ ಮೇಲಕ್ಕೆ ಹೋಗುತ್ತೆ. 'ಯಾರೂ ಕಾಯೋದು ಬೇಡ, ಅಣ್ಣ ತಾನೇ ವ್ಯಾಯಾಮ ಮಾಡ್ಕೋತಾನೆ' ಅಂದರು. ನಮಗೆಲ್ಲ ಎಷ್ಟು ಖುಷಿ ಗೊತ್ತಾ? ನಾನೇ ಫೋಟೋ ತೆಗೆದು ಬೆಂಗಳೂರಿನ ತಮ್ಮನಿಗೆ ಕಳಿಸಿದೆ.

ಅಪ್ಪ ಹಠದ ಮನುಷ್ಯ. ದಿನವೆಲ್ಲ ಎಳೆದರು. ಸ್ವಲ್ಪ ದಿನಕ್ಕೆ ಹೆಗಲು ನೋವು ಅಂದರು. ರಕ್ತ ಓಡಾಡ್ತಿದೆ, ಒಳ್ಳೇದೇ ಅಂದೆವು. ಆಮೇಲೆ ರಾತ್ರಿ ನಿದ್ದೆ ಹೋಯಿತು. ಅಂಗಿ ತೋಳು ಹಾಕೋಕೆ ಹೋದರೂ ಕೂಗಿಕೊಳ್ಳುತ್ತಿದ್ದರು. ಕೊನೆಗೆ ಫಿಸಿಯೋಥೆರಪಿ ಮಾಡುವವರ ಹತ್ತಿರ ಕರೆದುಕೊಂಡು ಹೋದೆ. ಆಕೆ ಅಪ್ಪನ ಅಂಗಿ ಬಿಚ್ಚಿಸಿ, ನನ್ನ ಬೆರಳು ಹಿಡಿದು ಹೆಗಲ ತುದಿಯ ಕೆಳಗೆ ಇಟ್ಟರು. ಅಲ್ಲಿ ಒಂದು ಹಳ್ಳ. ನನ್ನ ಬೆರಳು ಆರಾಮಾಗಿ ಅದರೊಳಗೆ ಕೂತಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ತೋಳಿನ ಮೂಳೆಯ ಗುಂಡು ಹೆಗಲ ಗುಳಿಯಲ್ಲಿ ನಿಲ್ಲೋದೇ ಸುತ್ತ ಇರುವ ಸ್ನಾಯುಗಳ ಬಿಗಿಯಿಂದ. ಲಕ್ವ ಹೊಡೆದ ಕಡೆ ಆ ಬಿಗಿ ಹೋಗಿರುತ್ತೆ. ಕೈ ಜೋತುಬಿದ್ದರೆ ಅದರ ಭಾರಕ್ಕೇ ಗುಂಡು ಕೆಳಗೆ ಜಾರುತ್ತೆ. ಇನ್ನೊಂದು ಇದೆ. ನಾವು ಕೈ ಮೇಲೆತ್ತುವಾಗ ಬೆನ್ನಿನ ಮೇಲಿರುವ ಹಲಗೆ ಮೂಳೆಯೂ ಜೊತೆಗೆ ತಿರುಗಿ ಜಾಗ ಬಿಡುತ್ತೆ. ಅಪ್ಪನದು ಸರಿಯಾಗಿ ತಿರುಗುತ್ತಿರಲಿಲ್ಲ. ಕೈ ಮಾತ್ರ ಹಗ್ಗದ ಜೊತೆ ಮೇಲೆ ಹೋಗುತ್ತಿತ್ತು. ಪ್ರತಿ ಸಲ ಎಳೆದಾಗಲೂ ಮಧ್ಯದ ಮೆತ್ತನೆ ಭಾಗ ಎರಡು ಮೂಳೆ ನಡುವೆ ಸಿಕ್ಕಿ ಅರೆಯುತ್ತಿತ್ತು. ನಾವೂ ಸುಮ್ನೆ ಇರಲಿಲ್ಲ. ಎಬ್ಬಿಸೋಕೆ ಯಾರು ಬಂದರೂ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದೆವು, ಅವಸರ ಇದ್ದರೆ ಅದೇ ಎಡಗೈ ಹಿಡಿದು ಜಗ್ಗುತ್ತಿದ್ದೆವು. ಹೇಗೆ ಎಬ್ಬಿಸಬೇಕು ಅಂತ ಆಸ್ಪತ್ರೆಯಲ್ಲಿ ತೋರಿಸಿದ್ದರು. ತೋರಿಸಿದ್ದು ಅಮ್ಮನಿಗೆ. ಅಮ್ಮ ಹೊಲದಲ್ಲಿದ್ದರು.

ಪಾಳಿ ಬೇಡ ಅನ್ನೋದು ಇದಕ್ಕೇ. ಕಲಿತವರೊಬ್ಬರು, ಎಬ್ಬಿಸುವವರು ಇನ್ನೊಬ್ಬರು, ನೋವು ಅಂದಾಗ ಕೇಳಿಸಿಕೊಂಡವರು ಮತ್ತೊಬ್ಬರು.

ಲಕ್ವದಲ್ಲಿ ಚೇತರಿಕೆ ಜಾಸ್ತಿ ಆಗೋದು ಮೊದಲ 3 ತಿಂಗಳಲ್ಲಿ. ಆಮೇಲೂ ಆಗುತ್ತೆ, ಆದರೆ ನಿಧಾನ. ಆ ಹೊತ್ತಿನಲ್ಲಿ ಅಪ್ಪ ನೋವಿಗೆ ಹೆದರಿ ಯಾರನ್ನೂ ಮುಟ್ಟಗೊಡಲಿಲ್ಲ, ಕಾಲಿನ ವ್ಯಾಯಾಮವೂ ನಿಂತಿತು. ಈಗ ಕೋಲು ಹಿಡಿದು ಹೊಲದ ಬದುವಿನವರೆಗೆ ಹೋಗುತ್ತಾರೆ. ಎಡಗೈ ಕಿವಿವರೆಗೂ ಏಳಲ್ಲ. ರಾಟೆ ಇಲ್ಲದಿದ್ದರೆ ಕೈ ಪೂರ್ತಿ ಬರುತ್ತಿತ್ತು ಅಂತ ನಾನು ಹೇಳೋದಿಲ್ಲ. ಅಷ್ಟು ನೋವು ತಿನ್ನಬೇಕಾಗಿರಲಿಲ್ಲ, ಅಷ್ಟೇ.

ಹಾಗಾಗಿ ಮನೆಯಲ್ಲಿ ಒಬ್ಬರು. ಬಿತ್ತನೆ ದಿನವೂ ಅವರು ಹೊಲಕ್ಕೆ ಕಾಲಿಡಬಾರದು. ಆ ಒಬ್ಬರು ಸೊಸೆಯೇ ಆಗಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ನಮ್ಮಲ್ಲಿ ಆಮೇಲೆ ಕೂತವನು ನಾನು. ರಾಗಿ ಬಿತ್ತನೆ ಮಾಡಿಸಿದ್ದು ನನ್ನ ಹೆಂಡತಿ, ನನಗಿಂತ ಚೆನ್ನಾಗಿಯೇ ಮಾಡಿಸಿದಳು. ಗಂಡಸು ಮನೇಲಿ ಹೆಂಗಸು ಹೊಲದಲ್ಲಿ ಅಂತ ಊರಲ್ಲಿ ನಕ್ಕರು. ನಗಲಿ ಬಿಡಿ. ದಪ್ಪ ಆಳನ್ನು ಎಬ್ಬಿಸಿ ಕೂರಿಸೋಕೆ ಸೊಂಟದಲ್ಲಿ ಬಲ ಬೇಕು, ನಿಮ್ಮ ತಾಯಿ ಕೈಯಲ್ಲಿ ಅದನ್ನು ಮಾಡಿಸಬೇಡಿ. ಬೆಂಗಳೂರಿನ ನಿಮ್ಮ ಅಣ್ಣ ದುಡ್ಡು ಕಳಿಸ್ತೀನಿ ಅಂದಿದ್ದಾರಲ್ವಾ, ರಜೆ ಹಾಕಿ ಬರಲಿ. ಬಿತ್ತೋಕೆ ಬಾಡಿಗೆಗೆ ಜನ ಸಿಗುತ್ತಾರೆ.

ಇನ್ನು ಬಿತ್ತನೆ. ಕಡ್ಲೆಕಾಯಿ ಕಾಯೋದಿಲ್ಲ, ಜುಲೈ ದಾಟಿದರೆ ಇಳುವರಿ ಮೇಲೆ ಆಸೆ ಕಮ್ಮಿ. ಈ ವರ್ಷ ಅದನ್ನು ಬಿಡಿ ಅನ್ನೋದೇ ನನ್ನ ಮಾತು. ಬೀಜದ ಖರ್ಚು, ಸುಲಿಯೋದು, ಕಳೆ, ಕೀಳೋದು, ಎಲ್ಲಕ್ಕೂ ಆಳು ಬೇಕು. ರಾಗಿ ಕಾಯುತ್ತೆ. ಜಿಪಿಯು-28 ಸುಮಾರು 110 ರಿಂದ 115 ದಿನದ ತಳಿ, ಜುಲೈ ಪೂರ್ತಿ ಹಾಕಬಹುದು. ಅದೂ ತಪ್ಪಿತಾ, ಜಿಪಿಯು-48 ಇದೆ, 100 ದಿನದೊಳಗೆ ಬರುತ್ತೆ, ಆಗಸ್ಟ್‌ನಲ್ಲೂ ನಡೆಯುತ್ತೆ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಕೇಳಿ. ಟ್ರ್ಯಾಕ್ಟರ್ ಕೂರಿಗೆ ಹೋಬಳಿ ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಸಿಗಬಹುದು, ಮೊದಲೇ ಹೇಳಿಡಿ. ಮುಯ್ಯಾಳು ಮಾತ್ರ ಈ ವರ್ಷ ಬೇಡ. ತಿರುಗಿ ಮುಯ್ಯಿ ತೀರಿಸೋಕೆ ನೀವೇ ಹೋಗಬೇಕಾಗುತ್ತೆ, ಆಗ ಮನೆಯಲ್ಲಿ ಯಾರು?

ವಾರಕ್ಕೆ ಕೊಡೋದಾದರೆ ಒಂದು ಬೆಳೆಗೆ ಮಾತ್ರ ಕೊಡಿ, ನಾಲ್ಕು ಜನರ ಮುಂದೆ. ಅದಕ್ಕೂ ಮುಂಚೆ ಅಪ್ಪನನ್ನು ಕೇಳಿ. ಕೈ ಬಿದ್ದಿದೆ, ಯಜಮಾನಿಕೆ ಬಿದ್ದಿಲ್ಲ.

ಎಬ್ಬಿಸುವಾಗ ಸೊಂಟಕ್ಕೆ ಅಗಲ ಬೆಲ್ಟ್ ಇಲ್ಲ ದಪ್ಪ ಟವೆಲ್ ಬಿಗಿಯಾಗಿ ಕಟ್ಟಿ ಅದನ್ನು ಹಿಡಿಯಿರಿ. ಕೈ ಹಿಡಿಯಬೇಡಿ, ಕಂಕುಳೂ ಬೇಡ. ಕೂತಾಗ ಬಿದ್ದ ಕೈ ತೊಡೆ ಮೇಲೆ ದಿಂಬಿನಲ್ಲಿರಲಿ. ನೀರು ಕುಡಿಯುವಾಗ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ, ಗಂಟಲಿಗೂ ಲಕ್ವ ತಾಗಿರಬಹುದು. ಬಿಪಿ ಮಾತ್ರೆ ತಪ್ಪಿಸಬೇಡಿ. ಎದ್ದು ಕೂರೋಕೆ ಆಗದೆ ಇದ್ದರೆ 2 ಗಂಟೆಗೊಮ್ಮೆ ಮಗ್ಗಲು ಬದಲಾಯಿಸಿ.

ಮಂಚ ಯಾವುದು ಅಂತ ನೀವು ಬರೆದಿಲ್ಲ. ಹಗ್ಗದ ಮಂಚ ಆಗಿದ್ದರೆ ಇವತ್ತೇ ತೆಗೆಯಿರಿ. ಅದರಲ್ಲಿ ಸೊಂಟ ತಗ್ಗಿಗೆ ಇಳಿಯುತ್ತೆ, ಏಳೋಕೆ ಯಾರಾದರೂ ಜಗ್ಗಲೇಬೇಕು. ಹಲಗೆ ಮಂಚ, ಕೂತರೆ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು ಎತ್ತರ. ಕುರ್ಚಿ ಅವರ ಗಟ್ಟಿ ಇರುವ ಕಡೆ ಹಾಕಿ.